ಲಕ್ಕವ್ವನ ಬೊಗಸೆ

ಹನ್ನೆರಡು ವರ್ಷಗಳಿಂದ ರೇಣುಕವ್ವ ಮಾದಲಿ ಮಾಡುತ್ತ ಬಂದಿದ್ದಳು, ಹನ್ನೆರಡು ವರ್ಷಗಳಿಂದ ಅದು ಸರಿಯಾಗಿರಲಿಲ್ಲ. ಗೋದಿ ಬೀಸಿದವಳು ಅವಳು, ದಪ್ಪ ರೊಟ್ಟಿ ಬೇಯಿಸಿ ಕುಟ್ಟಿದವಳು ಅವಳು, ಜರಡಿ ಹಿಡಿದು ರಟ್ಟೆ ಸೋತವಳೂ ಅವಳೇ. ಉಣ್ಣಲು ಕುಳಿತವರು ಮಾತ್ರ ಆ ಸಿಹಿ ಪುಡಿಯ ಮೇಲೆ ಹಾಲು ತುಪ್ಪ ಸುರಿದುಕೊಂಡು, ಮೊದಲ ತುತ್ತಿಗೇ, "ಛಲೋ ಆಗೇತಿ, ಆದ್ರ ಲಕ್ಕವ್ವನ ಕೈ ಅಲ್ಲ" ಎನ್ನುತ್ತಿದ್ದರು. ಹಾಗಂದು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು.

ಲಕ್ಕವ್ವ ಅವಳ ಅತ್ತೆ. ಕಣ್ಣಿಗೆ ಮಂಜು ಕವಿದು ಟಿಕೋಟಾದ ಒಲೆ ಬಿಟ್ಟವಳು ಈಗ ವಿಜಾಪುರದ ಶಹಾಪೇಟೆಯಲ್ಲಿ ಕಿರಿಯ ಮಗನ ಮನೆಯಲ್ಲಿ ಹಗ್ಗದ ಹೊರಸು ಹಿಡಿದಿದ್ದಳು.

ಯುದ್ಧ ಮುಗಿದು ವರ್ಷವಾಗಿತ್ತು, ಗೋದಿ ಮಾತ್ರ ಇನ್ನೂ ರೇಷನ್ನಿನಲ್ಲೇ ಇತ್ತು. ಮಗಳು ನೀಲವ್ವನ ನಿಶ್ಚಯಕ್ಕೆಂದು ರೇಣುಕವ್ವ ಆರು ತಿಂಗಳಿಂದ ಹಿಡಿ ಹಿಡಿಯಾಗಿ ಗೋದಿ ಉಳಿಸಿದ್ದಳು. ಗಂಡ ಶಿವಯೋಗೆಪ್ಪ ಒಂದೇ ಮಾತಿನಲ್ಲಿ ಅದನ್ನು ಕಸಿದುಕೊಂಡ.

"ಬಬಲೇಶ್ವರದ ಬೀಗರು ನಮ್ಮವ್ವನ ಮಾದಲಿ ಉಂಡ ಮಂದಿ. ನಿನ್ನ ಬೆಲ್ಲದ ಗುಡ್ಡಾ ಬಡಿಸಿ ನನ್ನ ಮಾರಿ ಎಲ್ಲಿ ಇಡ್ಲಿ? ಸಾರವಾಡದಿಂದ ಅಕ್ಕನ್ನ ಕರಸ್ತೀನಿ. ಆಕಿ ಮಾಡ್ತಾಳ, ನೀ ಒಲ್ಯಾಗ ಕಟಗಿ ಸರಸು."

"ನನ್ನ ಮಗಳ ನಿಶ್ಚಯದಾಗ ನಾ ಕಟಗಿ ಸರಸ್ಬೇಕೇನ್ರಿ?"

"ಮತ್ತೇನ, ನಿನ್ನ ಮೆರವಣಗಿ ತಗೀಬೇಕೇನ?"

ರೇಣುಕವ್ವ ಅಳಲಿಲ್ಲ. ಅಳುವುದಕ್ಕೂ ಸ್ವಲ್ಪ ಪುರುಸೊತ್ತು ಬೇಕು. ಸಾರವಾಡದ ಆ ಅಕ್ಕ ಭಾಗವ್ವ ಮಾಡಿದ ಮಾದಲಿಯೂ ಹೀಗೇ ಬಾಯಿ ಕಟ್ಟುವಷ್ಟು ಸಿಹಿ. ಆದರೆ ಮನೆಯ ಮಗಳಿಗೆ ಹಾಗನ್ನುವ ಗಂಡಸು ಆ ಊರಲ್ಲಿ ಹುಟ್ಟಿರಲಿಲ್ಲ.

ಲೆಕ್ಕ ಎಲ್ಲರಿಗೂ ಬಾಯಿಪಾಠವಾಗಿತ್ತು. ಸೇರು ಗೋದಿಗೆ ಐದು ಬೊಗಸೆ ಬೆಲ್ಲ, ಮುಷ್ಟಿ ಹುರಿದ ಪುಠಾಣಿ ಕಡಲೆ, ಹಿಡಿ ಒಣಕೊಬ್ಬರಿ, ಮೇಲೆ ಗಸಗಸೆ, ಏಲಕ್ಕಿ. ಬೆಲ್ಲವನ್ನು ಪಾತ್ರೆಯಲ್ಲಿ ಅಳೆದರೆ ಮನೆಯ ಬರಕತ್ತು ಹೋಗುತ್ತದೆಂದು ಲಕ್ಕವ್ವ ಹೇಳಿಟ್ಟಿದ್ದಳು. ಹಾಗಾಗಿ ಕೈಯೇ ಅಳತೆ. ಒಮ್ಮೆ ರೇಣುಕವ್ವ ನಾಲ್ಕಕ್ಕೇ ನಿಲ್ಲಿಸಿದ್ದಳು. ಬಾಗಿಲಲ್ಲಿ ನಿಂತು ಎಣಿಸುತ್ತಿದ್ದ ಭಾಗವ್ವ, "ಯಾಕ ಬೇ, ಮಂದಿ ಬಾಯಿಗೂ ಜುಗ್ಗತನಾ?" ಎಂದು ಐದನೆಯದನ್ನು ತಾನೇ ಸುರಿದಿದ್ದಳು.

"ನಾಕು ದಿವಸ ತಡೀರಿ. ಅತ್ತಿನ್ನ ಕೇಳ್ಕೊಂಡು ಬರ್ತೀನಿ" ಎಂದು ಗಂಡನನ್ನು ಒಪ್ಪಿಸಿ, ಮರುದಿನ ರೇಣುಕವ್ವ ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಲಾಲಸಾಬನ ಮೋಟಾರು ಹತ್ತಿದಳು. ಏರು ಬಂದಲ್ಲೆಲ್ಲ ಅದು ಕೆಮ್ಮಿ ನಿಲ್ಲುತ್ತಿತ್ತು, ಜನ ಇಳಿದು ದೂಡುತ್ತಿದ್ದರು. ಶಹಾಪೇಟೆ ಮುಟ್ಟುವಾಗ ಅವಳ ಸೀರೆಯ ಬಣ್ಣವೇ ಗುರುತು ಸಿಗುವಂತಿರಲಿಲ್ಲ.

"ಯಾರ ಬೇ?" ಎಂದಳು ಲಕ್ಕವ್ವ.

"ನಾನ್ರಿ ಅತ್ತಿ, ರೇಣುಕಾ."

"ಟಿಕೋಟಾದಿಂದ ಬಂದ್ಯಾ? ಯಾರು ಸತ್ರು?"

"ಯಾರೂ ಸತ್ತಿಲ್ರಿ. ಮಾದಲಿ ಕೆಟ್ಟೈತಿ."

"ಹಂಗಾದ್ರ ಅದರ ಮಣ್ಣಿಗೆ ಕರ್ಯಾಕ ಬಂದೀಯೇನ?" ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. ಸುದ್ದಿಯೆಲ್ಲ ಕೇಳಿ, ಮತ್ತೆ ಅದೇ ಲೆಕ್ಕ ಒಪ್ಪಿಸಿದಳು. ಸೇರಿಗೆ ಐದು ಬೊಗಸೆ.

ರೇಣುಕವ್ವ ಎದ್ದು ಒಳಗೆ ಹೋದಳು. ಒಂದು ಮೊರದಲ್ಲಿ ಪುಡಿಬೆಲ್ಲ ತಂದು ಅತ್ತೆಯ ತೊಡೆಯ ಮೇಲಿಟ್ಟಳು. "ಬಾಯಿಲೆ ಸಾಕ್ರಿ. ಕೈಲೆ ತೋರಸ್ರಿ."

ಮುದುಕಿ ಎಡಗೈಯಿಂದ ಮೊರದ ಅಂಚು ಸವರಿದಳು. ಬಲಗೈ ಎಂದಿನಂತೆ ಸೆರಗಿನೊಳಗಿತ್ತು. ಬೆಲ್ಲ ಬೆರೆಸುವಾಗ ದೃಷ್ಟಿಯಾಗುತ್ತದೆಂದು ಅವಳು ಯಾರನ್ನೂ ಒಳಗೆ ಬಿಟ್ಟವಳಲ್ಲ.

"ಬಾಗಲಾ ಮುಚ್ಚು" ಎಂದಳು ಕೊನೆಗೆ.

ಎರಡೂ ಕೈ ಜೋಡಿಸಿ ಬೆಲ್ಲದಲ್ಲಿ ಇಳಿಸಿ ಎತ್ತಿದಳು. ಬಲಗೈಯ ಕಿರುಬೆರಳೂ ಉಂಗುರದ ಬೆರಳೂ ಬುಡದವರೆಗೆ ಇರಲಿಲ್ಲ. ಬೊಗಸೆಯ ನಟ್ಟನಡುವೆ ಬಾಗಿಲು ತೆರೆದಂತಿತ್ತು. ಅದರಲ್ಲಿ ಬೆಲ್ಲ ಸೊರಸೊರನೆ ಸುರಿದು, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿಯಿತು.

ರೇಣುಕವ್ವ ನೋಡುತ್ತ ಕುಳಿತಳು. ಬೀಸುಕಲ್ಲಿಗೆ ಸಿಕ್ಕು ಹೋದ ಬೆರಳು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದೇ ಕೈ ಐದು ಬೊಗಸೆ ಅಳೆಯುತ್ತಿತ್ತು ಎಂಬುದು ಮಾತ್ರ ಒಬ್ಬರಿಗೂ ಹೊಳೆದಿರಲಿಲ್ಲ.

"ಬೀಸುಕಲ್ಲಲ್ಲ ಬೇ" ಎಂದಳು ಲಕ್ಕವ್ವ. "ಧಾತು ಸಂವತ್ಸರದ ಬರ. ಆವಾಗ ನಾ ಎಂಟು ವರ್ಷದಾಕಿ. ಸರ್ಕಾರದವರು ಕಲ್ಲು ಒಡಿಯೋ ಕೆಲಸ ತಗದಿದ್ರು. ನಾ ಕಲ್ಲು ಹಿಡೀತಿದ್ದೆ, ನಮ್ಮಪ್ಪ ಒಡೀತಿದ್ದ. ಮೂರು ದಿವಸದ ಉಪವಾಸ. ಅವನ ಕಣ್ಣಿಗೆ ಕತ್ತಲಿ ಬಂತು, ಸುತ್ತಗಿ ನನ್ನ ಕೈಮ್ಯಾಲ ಬಿತ್ತು. ಗಾಯ ಮಾಯ್ದ ಮ್ಯಾಲ ಕಾಳು ಇಸ್ಕೋಳಾಕ ಹೋದ್ರ, ಕೊಡಾಂವ ಬೊಗಸಿ ಒಡ್ಡು ಅಂದ. ಒಡ್ಡಿದೆ. ಸೋರ್ತು. ಮಣ್ಣಾಗಿಂದು ಆರಿಸ್ಕೊಂಡು ತಿಂದೆ. ಅಪ್ಪ ಸಾಯೂತನಕ ನನ್ನ ಮಾರಿ ನೋಡಿ ಮಾತಾಡ್ಲಿಲ್ಲ."

"ಮನ್ಯಾಗ ಯಾಕ ಹೇಳಿಲ್ರಿ?"

"ಹತ್ತು ಎತ್ತಿನ ಮನಿ ಅದು. ಸರ್ಕಾರದ ಗಂಜಿ ಉಂಡಾಕಿನ್ನ ಹೊಸ್ತಲಾ ದಾಟಸ್ತಿದ್ರೇನು? ನೀನೂ ಹೇಳಬ್ಯಾಡ. ಬಬಲೇಶ್ವರದವರ ಕಿವಿಗೆ ಬಿದ್ರ ನೀಲಿ ನಿಶ್ಚಯ ಮುರಿದೀತು. ಕೈ ಮುಟ್ಟಿ ಆಣಿ ಮಾಡು."

ಹಸಿದವರು ನಾಚಿಕೊಳ್ಳಬೇಕು, ಹಸಿವೆಗೆ ನೂಕಿದವರು ಮೀಸೆ ತಿರುವಬೇಕು. ಲೋಕದ ಈ ಕಟ್ಟಳೆಯನ್ನು ಯಾವ ದೇವರು ಬರೆದನೋ, ಅವನ ಹೊಟ್ಟೆ ತುಂಬಿರಬೇಕು. ರೇಣುಕವ್ವ ಆ ಮೂರು ಬೆರಳಿನ ಕೈ ಮುಟ್ಟಿ ಆಣೆ ಮಾಡಿದಳು.

"ಅತ್ತಿ, ನಿಮ್ಮ ಮಾದಲಿ ನಿಮ್ಮ ಬಾಯಿಗೆ ಸಿಹಿ ಹತ್ತಿತ್ತೇನ್ರಿ?"

"ಯಾರಿಗ್ಗೊತ್ತು? ಹೆಂಗಸರ ಪಂಕ್ತಿ ಬರೂದ್ರಾಗ ಕೊಪ್ಪರಗಿ ತಳಾ ಕಾಣ್ತಿತ್ತು."

ನಿಶ್ಚಯದ ದಿನ ಒಲೆಯ ಮುಂದೆ ಕುಳಿತವಳು ರೇಣುಕವ್ವನೇ. ಒಂದು ಸಲ ನೋಡೋಣ ಎಂದು ಶಿವಯೋಗೆಪ್ಪ ಒಪ್ಪಿದ್ದ, ಆದರೆ ಅಕ್ಕನನ್ನೂ ಕರೆಸಿದ್ದ. ಭಾಗವ್ವ ಬಾಗಿಲಲ್ಲಿ ನಿಂತು ಎಣಿಸತೊಡಗಿದಳು. ರೇಣುಕವ್ವ ಅವಳಿಗೆ ಬೆನ್ನು ಮಾಡಿ, ಬಲಗೈಯ ಎರಡು ಬೆರಳು ಮಡಚಿ, ಸೇರಿಗೆ ಐದರಂತೆ ಬೊಗಸೆ ತುಂಬಿ ಸುರಿದಳು. ಅಂಗೈ ನಡುವೆ ಸೋರಿದ ಬೆಲ್ಲ ಮತ್ತೆ ಡಬ್ಬಿಗೇ ಬಿತ್ತು.

ಗಂಡಸರ ಪಂಕ್ತಿ ಕುಳಿತಿತು. ಬಬಲೇಶ್ವರದ ಹಿರಿಯ ಶಾಂತಪ್ಪ ಮೊದಲ ತುತ್ತಿಗೇ ಕಣ್ಣು ಮುಚ್ಚಿದ. "ಇದ ನೋಡ್ರಿ ಮಾದಲಿ ಅಂದ್ರ! ಲಕ್ಕವ್ವನ ಕೈ!"

ಶಿವಯೋಗೆಪ್ಪ ಉಬ್ಬಿಕೊಂಡು ಅಡಿಗೆಮನೆಗೆ ಬಂದ. "ಕಡೀಗೂ ಕಲತಿ ನೋಡ. ಇಷ್ಟು ದಿವಸ ಏನ ತಪ್ಪಿತ್ತು?"

ಅವಳು ಗಂಡನ ಬಾಯಿಯನ್ನೇ ನೋಡಿದಳು. ಆ ಬಾಯಿಗೆ ತುತ್ತಿಟ್ಟು ಬೆಳೆಸಿದ್ದು ಅದೇ ಮೂರು ಬೆರಳಿನ ಕೈ. ಆಣೆ ಮುರಿಯುವಂತಿರಲಿಲ್ಲ.

"ಏನಿಲ್ರಿ. ನನ್ನ ಕೈಯಾಗ ಬೆರಳು ಹೆಚ್ಚಿದ್ವು."

ಅವನು ಹೋ ಎಂದು ನಕ್ಕ. ಹೊರಗೆ ಹೋಗಿ ಬೀಗರಿಗೂ ಹೇಳಿದ, ಅವರೂ ನಕ್ಕರು. ಹನ್ನೆರಡು ವರ್ಷ 'ಲಕ್ಕವ್ವನ ಕೈ' ಎಂಬ ಒಂದು ಮಾತಿಗಾಗಿ ಕಾದವಳು ಗೋಡೆಗೆ ಒರಗಿದಳು. ಮಾತು ಬಂದಿತ್ತು. ಅವಳಿಗೆ ಸುಮ್ಮನೆ ಕಾಲು ಚಾಚಿ ಕೂಡಬೇಕೆನಿಸಿತು, ಅಷ್ಟೇ.

ಗಂಡಸರು ಎದ್ದು ಎಲೆಯಡಿಕೆ ಹಾಕಿಕೊಂಡ ಮೇಲೆ ಹೆಂಗಸರ ಪಾಳಿ ಬಂತು. ಕೊಪ್ಪರಿಗೆಯ ತಳದಲ್ಲಿ ಸೇರಿನಷ್ಟು ಉಳಿದಿತ್ತು. ರೇಣುಕವ್ವ ಬೆಲ್ಲದ ಡಬ್ಬಿ ಎಳೆದುಕೊಂಡಳು. ಹತ್ತೂ ಬೆರಳು ಒತ್ತಾಗಿ ಕೂಡಿಸಿ, ತುಂಬಿ ತುಳುಕುವಂತೆ ಬೊಗಸೆಯೆತ್ತಿ ಸುರಿದಳು. ಮತ್ತೊಂದು ಎತ್ತಿದಳು.

"ಏ ರೇಣುಕಾ! ಐದು ಮುಗದಾವ! ಕೆಡಸ್ತಿ ಬೇ!" ಭಾಗವ್ವ ಕೂಗಿದಳು.

ಅವಳು ಕೇಳಿಸಿಕೊಳ್ಳಲಿಲ್ಲ. ಕಲೆಸಿ, ಹಾಲು ಸುರಿದು, ಮೊದಲು ನೀಲವ್ವನಿಗೆ ಬಡಿಸಿದಳು.

ಹುಡುಗಿ ಒಂದು ತುತ್ತು ಬಾಯಿಗಿಟ್ಟು ಮುಖ ಕಿವಿಚಿದಳು. "ಯವ್ವಾ, ಭಾಳ ಸಿಹಿ ಆಗೇತಿ."

"ಆಗ್ಲಿ. ಉಣ್ಣು" ಎಂದಳು ರೇಣುಕವ್ವ.