ಆಷಾಢದ ಕಂತು

ಸಾಲ ವಸೂಲಿಗೆಂದು ಸೌಜನ್ಯ ಗೊರೂರಿಗೆ ಮೂರು ಸಲ ಹೋಗಿದ್ದಳು. ಮೂರು ಸಲವೂ ಹೊಟ್ಟೆ ತುಂಬ ಉಂಡು ಬರಿಗೈಯಲ್ಲಿ ವಾಪಸು ಬಂದಿದ್ದಳು. ಮೊದಲನೆಯ ಸಲ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಎರಡನೆಯ ಸಲ ಹುರುಳಿಕಾಳಿನ ಬಸ್ಸಾರು, ಮುದ್ದೆ. ಮೂರನೆಯ ಸಲ ಹೊಳೆ ಮೀನಿನ ಸಾರು. ಅವತ್ತಂತೂ ಬಂದ ಕೆಲಸ ಏನೆಂಬುದು ಅವಳಿಗೆ ನೆನಪಾದದ್ದು ಹಾಸನದ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಕೈಯನ್ನೊಮ್ಮೆ ಮೂಸಿ ನೋಡಿಕೊಂಡ ಮೇಲೆ.

ಬಿ.ಕಾಂ. ಮುಗಿಸಿ ಹಾಸನದ ಆ ಸೌಹಾರ್ದ ಸಹಕಾರಿ ಸಂಘಕ್ಕೆ ಸೇರಿದ ಹುಡುಗಿ ಅವಳು. ಹರದನಹಳ್ಳಿಯವಳು, ಮಾತು ಕಮ್ಮಿ. ಅಂಕಿಗಳ ಜೊತೆ ಕೆಲಸ ಅವಳಿಗೆ ಹಿತವಾಗಿತ್ತು. ಅಂಕಿಗಳು ಮುಖ ನೋಡಿ ಮಾತಾಡಿಸುವುದಿಲ್ಲವಲ್ಲ. ವಸೂಲಿಯ ನಂಜುಂಡೇಶ್ ಬೈಕಿನಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಳ್ಳದೆ ಹೋಗಿದ್ದರೆ ಅವಳು ಕುರ್ಚಿ ಬಿಟ್ಟು ಏಳುತ್ತಲೇ ಇರಲಿಲ್ಲ.

“ಏನಮ್ಮಾ, ಇವತ್ತು ಏನು ವಸೂಲಿ? ಸಾರೋ, ಪಲ್ಯಾನೋ?” ಎಂದು ಮ್ಯಾನೇಜರ್ ಅಮರನಾಥ ಕೇಳಿದಾಗ ಆಫೀಸೆಲ್ಲ ನಕ್ಕಿತ್ತು. ಅಮರನಾಥನಿಗೆ ಮಾತ್ರ ನಗು ಬಂದಿರಲಿಲ್ಲ. ವೈಶಾಖದಲ್ಲಿ ಮದುವೆಯಾದವನು. ಹೆಂಡತಿ ಆಷಾಢಕ್ಕೆಂದು ಚನ್ನರಾಯಪಟ್ಟಣದ ತವರಿಗೆ ಹೋಗಿದ್ದಳು. ಹೋಟೆಲಿನ ಚಿತ್ರಾನ್ನ ತಿಂದೂ ತಿಂದೂ ಅವನಿಗೆ ಯಾರ ಊಟದ ಸುದ್ದಿಯನ್ನೂ ಸಹಿಸಲಾಗುತ್ತಿರಲಿಲ್ಲ.

ವಿಷಯ ಇಷ್ಟು. ಗೊರೂರಿನ ಲಕ್ಕಣ್ಣ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವವನು. ಸುತ್ತಿನ ಊರುಗಳಲ್ಲಿ ಮದುವೆ ಎಂದರೆ ಲಕ್ಕಣ್ಣನ ಕೊಪ್ಪರಿಗೆ ಒಲೆ ಮೇಲೆ ಕೂರಲೇಬೇಕು. ಆ ಕೊಪ್ಪರಿಗೆಗಳಿಗೆಂದೇ ಸಾಲ ಮಾಡಿ, ಹಿಂದೆ ಬಿದ್ದು, ಕೊನೆಗೆ ಮಾಘ ಮಾಸದಲ್ಲಿ ಸಂಘದ ಜೊತೆ ರಾಜಿ ಒಪ್ಪಂದ ಮಾಡಿಕೊಂಡಿದ್ದ. ಬಡ್ಡಿ ಅರ್ಧ ಬಿಟ್ಟರು. ಉಳಿದದ್ದನ್ನು ತಿಂಗಳು ತಿಂಗಳು ಕಂತಿನಲ್ಲಿ ಕಟ್ಟಬೇಕು. ಒಂದು ಕಂತು ತಪ್ಪಿದರೂ ಒಪ್ಪಂದ ರದ್ದು, ಬಿಟ್ಟ ಬಡ್ಡಿ ವಾಪಸು, ಅಡವಿಟ್ಟ ಪಾತ್ರೆಗಳ ಹರಾಜು. ಕಟ್ಟಲಾಗದೆ ಹೋದರೆ ಕಾರಣ ಬರೆದು ಸಹಿ ಹಾಕಿ ಹದಿನೈದು ದಿನದೊಳಗೆ ಕೊಡಬೇಕು. ಆಗ ಆಡಳಿತ ಸಮಿತಿ ಯೋಚಿಸಬಹುದು.

ಲಕ್ಕಣ್ಣ ಜ್ಯೇಷ್ಠದವರೆಗೂ ಗಡಿಯಾರದಂತೆ ಕಟ್ಟಿದ. ಆಮೇಲೆ ನಲ್ಲಿ ತಿರುಗಿಸಿದಂತೆ ನಿಲ್ಲಿಸಿಬಿಟ್ಟ.

“ಶನಿವಾರ ಸಮಿತಿ ಸಭೆ. ಹದಿನೈದನೇ ದಿನಾನೂ ಅದೇ,” ಎಂದ ಅಮರನಾಥ. “ಅಷ್ಟರೊಳಗೆ ಅವನ ದುಡ್ಡಾದರೂ ಬರಬೇಕು, ಸಹಿಯಾದರೂ ಬರಬೇಕು. ಇಲ್ಲಾಂದ್ರೆ ಸೋಮವಾರ ಲಾರಿ ಕಳಿಸ್ತೀನಿ, ಪಾತ್ರೆ ತುಂಬ್ಕೊಂಡು ಬರೋಕೆ. ಬಾಯಿಬಿಟ್ಟು ಕೇಳಮ್ಮಾ. ಬಾಯಿ ಇರೋದು ಉಣ್ಣೋಕೆ ಮಾತ್ರ ಅಲ್ಲ.”

ಗುರುವಾರ ಬಸ್ಸಿನಲ್ಲಿ ಸೌಜನ್ಯ ಕಿಟಕಿಯ ಗಾಜಿಗೆ ಮಾತು ಒಪ್ಪಿಸುತ್ತ ಹೋದಳು. “ನೋಡಿ, ನೀವು ಒಪ್ಪಂದ ಮುರಿದಿದ್ದೀರಿ.” ಸ್ವಲ್ಪ ಮೆತ್ತಗಾಯಿತು ಅನ್ನಿಸಿತು. “ನೀವು ಒಪ್ಪಂದ ಮುರಿದಿದ್ದೀರಿ!”

ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಅವಳ ಮೊಣಕೈ ಮುಟ್ಟಿತು. “ಯಾರವ್ವಾ ಮುರ್ದಿದ್ದು? ಗಂಡಿನ ಕಡೆಯೋರಾ?”

“ಅಯ್ಯೋ, ಅದಲ್ಲ...”

“ಓಗ್ಲಿ ಬುಡವ್ವಾ. ಆಷಾಡ ಕಳೀಲಿ. ಇಂಥಾ ಮುಖಕ್ಕೆ ಗಂಡು ಸಿಗಾಕಿಲ್ವಾ?”

ಬಸ್ಸಿಳಿಯುವವರೆಗೂ ಆ ಹೆಂಗಸು ಅವಳಿಗೆ ಅರಕಲಗೂಡು ಕಡೆಯ ಇಬ್ಬರು ವರರ ಗುಣಗಾನ ಮಾಡಿತು. ಸೌಜನ್ಯ ಅದಕ್ಕೂ ಬೇಡವೆನ್ನಲಾರದೆ ತಲೆಯಾಡಿಸುತ್ತ ಕೂತಿದ್ದಳು.

ಲಕ್ಕಣ್ಣನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಜಾರದ ತುಂಬ ಕೆಂಪು ಹಳದಿ ಶಾಮಿಯಾನ ಹರಡಿಕೊಂಡಿತ್ತು. ಒಂದು ತುದಿಯಲ್ಲಿ ಲಕ್ಕಣ್ಣ, ಇನ್ನೊಂದು ತುದಿಯಲ್ಲಿ ಹೆಂಡತಿ ಅಣ್ಣಮ್ಮ ಗೋಣಿಸೂಜಿ ಹಿಡಿದು ಹರಿದಲ್ಲೆಲ್ಲ ತೇಪೆ ಹಾಕುತ್ತಿದ್ದರು. ಹೊಸದಾಗಿ ಕಲಾಯಿ ಹಾಕಿಸಿದ ಕೊಪ್ಪರಿಗೆಗಳು ಗೋಡೆಗೆ ಬೋರಲಾಗಿ ಕೂತಿದ್ದವು. ಒಂದೊಂದಕ್ಕೂ ಅಣ್ಣಮ್ಮ ಅರಿಸಿನ ಕುಂಕುಮ ಇಟ್ಟಿದ್ದಳು. ಅವುಗಳ ಕಡೆ ನೋಡಿದರೆ ಸೋಮವಾರದ ಲಾರಿ ನೆನಪಾಗುತ್ತದೆಂದು ಸೌಜನ್ಯ ನೋಡಲಿಲ್ಲ.

“ಬಾರವ್ವಾ ಬಾ! ಅಂಗೇ ತುಳ್ಕಂಡು ಬಾ, ಬಟ್ಟೆಗೇನಾಯ್ತದೆ? ಸಾವ್ರ ಜನ ತುಳ್ದವ್ರೆ,” ಎಂದು ಅಣ್ಣಮ್ಮ ಸೂಜಿ ಸಿಕ್ಕಿಸಿ ಎದ್ದೇಬಿಟ್ಟಳು. “ಕೈಕಾಲು ತೊಳ್ಕೋ. ಅನ್ನಕ್ಕಿಟ್ಟು ಬತ್ತೀನಿ.”

ಸೌಜನ್ಯ ಬಸ್ಸಿನಲ್ಲಿ ಇದಕ್ಕೂ ಉತ್ತರ ಸಿದ್ಧಮಾಡಿಕೊಂಡಿದ್ದಳು. ಒಂದು ಮನೆಯ ಅನ್ನ ಉಂಡು, ಕೈ ಒರೆಸಿಕೊಂಡು, ಅದೇ ಬಾಯಲ್ಲಿ ಸಾಲ ಕೇಳುವುದು ಅವಳಿಂದಾಗುವ ಕೆಲಸವಲ್ಲ. ಆದ್ದರಿಂದ ಉಣ್ಣಲೇಬಾರದು.

“ಇವತ್ತು ನನಗೆ ಉಪವಾಸ, ಅಣ್ಣಮ್ಮ.”

“ಉಪಾಸ್ವಾ! ಮೊದ್ಲೇ ಯೋಳ್ಬಾರ್ದಾ?” ಎಂದು ಅಣ್ಣಮ್ಮ ಒಳಗೆ ಹೋದಳು. ಗೆದ್ದೆ ಎಂದುಕೊಂಡಳು ಸೌಜನ್ಯ. ಅಷ್ಟರಲ್ಲಿ ಅಣ್ಣಮ್ಮ ಹೊರಬಂದಳು. ಒಂದು ತಟ್ಟೆಯಲ್ಲಿ ಬೆಲ್ಲ, ಕಾಯಿತುರಿ ಕಲಸಿದ ಅವಲಕ್ಕಿ. ಇನ್ನೊಂದರಲ್ಲಿ ಬಾಳೆಹಣ್ಣು, ಕಡಲೆ, ಹಲಸಿನ ತೊಳೆ. ಕಂಕುಳಲ್ಲಿ ಹಾಲಿನ ಚೊಂಬು. “ಉಪಾಸ ಇರೋರ್ನ ಬರೀ ವಟ್ಟೇಲಿ ಕಳ್ಸಿದ್ರೆ ನಮ್ಗೆ ಪಾಪ ಸುತ್ಕತದೆ. ತಿನ್ನು, ತಿನ್ನು. ಮಾತು ಆಮ್ಯಾಕೆ.”

ಆಮೇಲೆ ಎನ್ನುವುದು ಈ ಮನೆಯಲ್ಲಿ ಎಂದೂ ಬರುವುದಿಲ್ಲವೆಂದು ಸೌಜನ್ಯಳಿಗೆ ಗೊತ್ತಿತ್ತು. ತಟ್ಟೆ ಹತ್ತಿರ ಬಂತು. ಅವಲಕ್ಕಿಯ ಬೆಲ್ಲ ಘಮ್ಮೆಂದಿತು. ಅವಳು ಎದ್ದು ನಿಂತು, ಕಣ್ಣು ಮುಚ್ಚಿಕೊಂಡು, ಇರುವ ಧೈರ್ಯವನ್ನೆಲ್ಲ ಗಂಟಲಿಗೆ ತಂದುಕೊಂಡಳು.

“ಅಣ್ಣಮ್ಮ, ನಾನು ಊಟಕ್ಕೆ ಬಂದಿಲ್ಲ. ಹರಾಜಿಗೆ ಬಂದಿದೀನಿ!”

ಅಣ್ಣಮ್ಮ ಹಾಲಿನ ಚೊಂಬು ಕೆಳಗಿಟ್ಟಳು. ಲಕ್ಕಣ್ಣನ ಕೈಯ ಸೂಜಿ ಅಲ್ಲೇ ನಿಂತಿತು. ಸೌಜನ್ಯಳಿಗೆ ತಾನಾಡಿದ್ದು ಆಮೇಲೆ ಕೇಳಿಸಿತು.

“ಅಂದ್ರೆ... ಹರಾಜು ಆಗಬಾರದು ಅಂತ ಬಂದಿದೀನಿ,” ಎಂದಳು. ಒಮ್ಮೆ ಬಾಯಿ ತೆರೆದದ್ದರಿಂದ ಉಳಿದದ್ದೂ ಉರುಳಿಕೊಂಡು ಬಂತು. ಕಂತು ತಪ್ಪಿದ್ದು, ಶನಿವಾರ, ಸೋಮವಾರದ ಲಾರಿ, ಎಲ್ಲ.

ಲಕ್ಕಣ್ಣ ಪೂರ್ತಿ ಕೇಳಿ, ಸೂಜಿಯನ್ನು ರುಮಾಲಿಗೆ ಸಿಕ್ಕಿಸಿದ. ಅವನ ಮುಖದಲ್ಲಿ ಸಿಟ್ಟಿಗಿಂತ ಅಚ್ಚರಿಯೇ ಹೆಚ್ಚಿತ್ತು. “ತಪ್ಪಿದ್ದು ಎಲ್ಲಿ? ತಿಂಗ್ಳು ತಿಂಗ್ಳು ಕಟ್ತೀನಿ ಅಂದೆ, ಕಟ್ದೆ. ಇದು ಆಷಾಡ.”

“ಆಷಾಢಾನೂ ಒಂದು ತಿಂಗಳೇ ಅಲ್ವಾ, ಲಕ್ಕಣ್ಣ?”

“ಆಷಾಡ ಆಷಾಡ ಕಣವ್ವಾ! ಅದ್ಯಾವ ಸೀಮೆ ತಿಂಗ್ಳು? ಮದ್ವೆ ಇದ್ದದಾ? ಗೃಹಪ್ರವೇಸ ಇದ್ದದಾ? ಮನೇಲಿ ಇರೋ ಸೊಸೇನೇ ತವ್ರಿಗೆ ಓಯ್ತಾಳೆ. ನನ್ನ ಶಾಮಿಯಾನದ ಕೆಳ್ಗೆ ಯಾರು ಕುಂತ್ಕತಾರೆ? ತಿಥಿ ಆದ್ರೂ ಬರಾಕಿಲ್ವಾ ಅಂದ್ರೆ, ಈ ಸಲ ಊರ್ನಾಗೆ ಎಲ್ಲ ಗಟ್ಟಿಮುಟ್ಟಾಗವ್ರೆ.”

“ಬುಡ್ತು ಅನ್ನು!” ಎಂದಳು ಅಣ್ಣಮ್ಮ.

“ಬುಡ್ತು, ಬುಡ್ತು. ಅಲ್ಲ ಕಣವ್ವಾ, ತಿಂಗ್ಳು ತಿಂಗ್ಳು ಅಂದ್ರೆ ಆಷಾಡ ಬುಟ್ಟು ಅಂತ ಯಾವ ಮಗುಗಾದ್ರೂ ಗೊತ್ತಿಲ್ವಾ? ಅದನ್ನೂ ಬಾಯ್ಬುಟ್ಟು ಯೋಳ್ಬೇಕಿತ್ತಾ?”

ಸೌಜನ್ಯಳಿಗೆ ನಗು ಬಂತು, ಹೆದರಿಕೆಯೂ ಆಯಿತು. ಈ ಮನುಷ್ಯ ಒಪ್ಪಂದ ಮುರಿದೇ ಇಲ್ಲ. ಅವನ ಲೆಕ್ಕದಲ್ಲಿ ಈ ತಿಂಗಳು ಬಂದೇ ಇಲ್ಲ. “ಇದನ್ನೇ ಬರೆದು ಒಂದು ಸಹಿ ಹಾಕಿಕೊಡಿ. ಅಷ್ಟೇ ಸಾಕು,” ಎಂದು ಚೀಲದಿಂದ ಹಾಳೆ ತೆಗೆದಳು.

ಲಕ್ಕಣ್ಣ ಹಾವು ಕಂಡವನಂತೆ ಹಿಂದೆ ಸರಿದ. “ಆಷಾಡದಾಗೆ ಸೈನಾ? ಓಸಾ ಪತ್ರಕ್ಕಾ? ಆಗಾಕಿಲ್ಲ. ಶ್ರಾವಣ ಬರ್ಲಿ, ಬೇಕಾದ್ರೆ ಹತ್ತು ಹಾಕ್ತೀನಿ.”

“ಶ್ರಾವಣದ ಹೊತ್ತಿಗೆ ಕೊಪ್ಪರಿಗೆ ಇರಲ್ಲ, ಲಕ್ಕಣ್ಣ.”

“ಇರ್ದಿದ್ರೆ ಇರ್ದೇ ಓಗ್ಲಿ. ಆಷಾಡದಾಗೆ ಓಸದು ಶುರು ಮಾಡಿ ಉದ್ಧಾರಾದೋರು ಯಾರವ್ರೆ?”

ಅಣ್ಣಮ್ಮ ಗೋಡೆಯ ಕಡೆಯ ಕೊಪ್ಪರಿಗೆಗಳನ್ನು ಒಂದೊಂದಾಗಿ ನೋಡಿದಳು. ಸೌಜನ್ಯ ಕೆಳಗೆ ನೋಡಿದಳು. ಕಾಲಡಿಯ ಕೆಂಪು ಬಟ್ಟೆಯ ಮೇಲೆ ಅಂಗೈಯಗಲದ ಹೊಸ ತೇಪೆ, ಹೊಲಿಗೆ ಇನ್ನೂ ಅರ್ಧ.

“ಲಕ್ಕಣ್ಣ, ಇದನ್ನು ಆಷಾಢದಲ್ಲಿ ಹೊಲೀಬಹುದಾ?”

“ಇದಾ? ಇದು ತೇಪೆ ಕಣವ್ವಾ. ಆಷಾಡ ಇರೋದೇ ತೇಪೆ ಹಾಕಾಕೆ.”

“ನಾನು ತಂದಿರೋದೂ ಅದೇ. ಪತ್ರ ಮಾಘದ್ದು, ಹಳೇದು. ಒಂದು ಕಡೆ ಹರಿದಿದೆ. ಅಲ್ಲಿಗೆ ಇಷ್ಟು ತೇಪೆ.”

ಲಕ್ಕಣ್ಣ ಹಾಳೆಯನ್ನೂ ಬಟ್ಟೆಯನ್ನೂ ಬದಲಿಸಿ ಬದಲಿಸಿ ನೋಡಿದ. ಅಣ್ಣಮ್ಮನ ಮುಖ ನೋಡಿದ. “ಏನಂತೀಯಾ?”

“ಇನ್ನೇನಂತೀನಿ! ಸಾವ್ರ ತೇಪೆ ಹಾಕಿದೀಯಾ, ಇದೊಂದು ಹಾಕು. ಎಣ್ಮಗ ಅಷ್ಟು ದೂರದಿಂದ ಉಪಾಸ ಬಂದೈತೆ.”

“ಸರಿ,” ಎಂದ ಲಕ್ಕಣ್ಣ. “ಆದ್ರೆ ಈಗ ರಾಹುಕಾಲ. ಮೂರು ಗಂಟೆ ಆಗ್ಲಿ.”

ರಾಹುಕಾಲ ಮುಗಿಯುವ ಹೊತ್ತಿಗೆ ಸೌಜನ್ಯ ಅವಲಕ್ಕಿಯ ಜೊತೆಗೆ ಉಪವಾಸವನ್ನೂ ಮುಗಿಸಿ, ಬಿಸಿ ಅನ್ನ, ತಿಳಿಸಾರಿನವರೆಗೂ ಬಂದಿದ್ದಳು. ಕೇಳಬೇಕಾದ್ದನ್ನು ಕೇಳಿಯಾದ ಮೇಲೆ ಉಂಡ ಊಟ; ರುಚಿಯೇ ಬೇರೆ. ಕಾರಣ ಏನೆಂದು ಬರೆಯಲಿ ಎಂದು ಕೇಳಿದ್ದಕ್ಕೆ ಲಕ್ಕಣ್ಣ, “ಬರಿ, ಆಷಾಡ ಬಂತು, ಅದ್ಕೇ ಕಟ್ಟಿಲ್ಲ. ಮುಗೀತು,” ಎಂದ. ಅವಳು ಅಷ್ಟನ್ನೇ ಬರೆದಳು. ಮೂರು ಹೊಡೆದ ಮೇಲೆ ಲಕ್ಕಣ್ಣ ಅದರ ಕೆಳಗೆ ಸಹಿ ಹಾಕಿದ.

ಶನಿವಾರ ಸಮಿತಿಯ ಮುಂದೆ ಅಮರನಾಥ ಅದನ್ನು ಓದಿದಾಗ ಒಬ್ಬಿಬ್ಬರು ನಿರ್ದೇಶಕರು ಟೀ ಉಗುಳುವಂತಾದರು. ಅಧ್ಯಕ್ಷ ಪುಟ್ಟಸ್ವಾಮಿಯವರು ಹೊಳೆನರಸೀಪುರ ಕಡೆಯ ದೊಡ್ಡ ಜಮೀನುದಾರರು. ಸಭೆಯಲ್ಲಿ ಅರ್ಧ ಹೊತ್ತು ಕಣ್ಣು ಮುಚ್ಚಿಯೇ ಇರುವವರು, ಈಗಲೂ ಮುಚ್ಚಿದ್ದರು.

“ಇದು ಕಾರಣ ಅಲ್ಲ ಸಾರ್,” ಎಂದ ಅಮರನಾಥ. “ಒಪ್ಪಂದದಲ್ಲಿ ಆಷಾಢ ಅನ್ನೋ ಪದಾನೇ ಇಲ್ಲ. ನಾನೇ ಬರೆದಿದ್ದು. ತಿಂಗಳು ಅಂದ್ರೆ ತಿಂಗಳು. ಈ ಕಾಲದಲ್ಲಿ ಆಷಾಢ ಗೀಷಾಢ ಅಂತ ಯಾರು ನೋಡ್ತಾರೆ? ಮುರಿದದ್ದು ಮುರಿದದ್ದೇ. ರದ್ದು ಮಾಡೋಣ.”

ಬಾಗಿಲ ಬಳಿ ಫೈಲು ಹಿಡಿದು ನಿಂತಿದ್ದ ಸೌಜನ್ಯಳಿಗೆ ಅರಿಸಿನ ಕುಂಕುಮ ಇಟ್ಟ ಕೊಪ್ಪರಿಗೆಗಳು ಲಾರಿಗೆ ಏರುವುದು ಕಣ್ಣಿಗೆ ಕಟ್ಟಿತು. ಮಾತಾಡಬೇಕು. ಏನೆಂದು? ನಿಯಮ, ಉಪನಿಯಮ ಒಂದೂ ನಾಲಿಗೆಗೆ ಬರಲಿಲ್ಲ. ಬಂದದ್ದು ಬೇರೆಯೇ.

“ಸಾರ್, ಮೇಡಮ್ಮೋರು ಚನ್ನರಾಯಪಟ್ಟಣದಿಂದ ಯಾವಾಗ ಬರ್ತಾರೆ?”

“ಆಷಾಢ ಕಳೀಲಿ ಅಂದಿದಾರೆ ಅತ್ತೆ,” ಎಂದುಬಿಟ್ಟ ಅಮರನಾಥ, ಎಂದಿನ ನಿಟ್ಟುಸಿರಿನಲ್ಲಿ.

ಪುಟ್ಟಸ್ವಾಮಿಯವರ ಕಣ್ಣು ತೆರೆಯಿತು. ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ಮೇಜು. “ಅಲ್ಲಯ್ಯಾ ಅಮರ್ನಾಥ, ಹೆಂಡ್ತಿನೇ ಕಳ್ಸಾಕಿಲ್ಲ ಅಂತವ್ರೆ ನಿನ್ನ ಅತ್ತೆ. ಆ ಶಾಮಿಯಾನದವನಿಗೆ ಮದ್ವೆ ಎಲ್ಲಿಂದ ತತ್ತೀಯಾ? ನೀನು ಮಾಡ್ಸಿಕೊಡ್ತೀಯಾ?”

ಅಮರನಾಥ ಕಿವಿಯವರೆಗೂ ಕೆಂಪಾದ. ಆಮೇಲೆ, ಹೋಟೆಲಿನ ಚಿತ್ರಾನ್ನ ನೆನೆದನೋ ಏನೋ, ತಾನೂ ನಕ್ಕುಬಿಟ್ಟ. “ಬರೆಯುವಾಗ ನನಗಿನ್ನೂ ಮದುವೆ ಆಗಿರಲಿಲ್ಲ ಸಾರ್,” ಎಂದ.

ಒಪ್ಪಂದ ಉಳಿಯಿತು. ಇನ್ನು ಮೇಲೆ ಆಷಾಢಕ್ಕೆ ಕಂತಿಲ್ಲ. ಈ ಸಲದ್ದನ್ನು ಶ್ರಾವಣದ ಕಂತಿನ ಜೊತೆ ಸೇರಿಸಿ ಕಟ್ಟಬೇಕು ಎಂದು ಬರೆದುಕೊಂಡರು. “ಶ್ರಾವಣದಾಗೂ ತಪ್ಪಿದ್ರೆ ಲಾರಿ ಬ್ಯಾಡ, ನಾನೇ ಕೊಪ್ಪರಿಗೆ ಹೊತ್ಕಂಡು ಬತ್ತೀನಿ ಅಂತ ಯೋಳು,” ಎಂದರು ಪುಟ್ಟಸ್ವಾಮಿ. “ಯಾರು ಯೋಳೋದು? ಈ ಮಗೂನೇ ಯೋಳ್ಲಿ.”

ಸೌಜನ್ಯ ತನ್ನ ಮೇಜಿಗೆ ಬಂದು ಫೋನು ಮಾಡಿದಳು. ಆ ಕಡೆ ಲಕ್ಕಣ್ಣ ವಿಷಯ ಕೇಳಿ, “ಉಳ್ಕಂತು ಕಣೇ!” ಎಂದು ಅಣ್ಣಮ್ಮನಿಗೆ ಕೂಗಿದ್ದು ಈ ಕಡೆ ಕ್ಯಾಷ್ ಕೌಂಟರಿನವರೆಗೂ ಕೇಳಿಸಿತು. ಸೌಜನ್ಯಳ ಕಣ್ಣು ತುಂಬಿಬಂತು. ಆದರೂ ಪೆನ್ನು ಕೈಗೆತ್ತಿಕೊಂಡಳು.

“ಲಕ್ಕಣ್ಣ, ಎರಡೂ ಕಂತು ಯಾವತ್ತು ಕಟ್ತೀರಿ?”

ದನಿ ಎಷ್ಟು ಗಟ್ಟಿಯಾಗಿ ಬಂತೆಂದರೆ ಆಫೀಸಿನವರೆಲ್ಲ ತಲೆಯೆತ್ತಿದರು.

“ಶ್ರಾವಣ ಸೋಮ್ವಾರ ಕಟ್ಬುಡ್ತೀನಿ ಕಣವ್ವಾ, ಒಳ್ಳೇ ದಿನ.”

“ಯಾವ ಶ್ರಾವಣ ಸೋಮವಾರ?” ಎಂದಳು ಸೌಜನ್ಯ, ಪೆನ್ನಿನ ಮುಚ್ಚಳ ತೆಗೆಯುತ್ತ. “ನಾಲ್ಕು ಬರ್ತವೆ.”

ಆ ಕಡೆ ಲಕ್ಕಣ್ಣ ಗಹಗಹಿಸಿ ನಕ್ಕ. “ಮೊದ್ಲನೇದು ಕಣ್ತಾಯಿ, ಮೊದ್ಲನೇದು!”