ಸೈಲೆನ್ಸರಿಗೆ ಕಟ್ಟಿದ ಕರವಸ್ತ್ರ

ಏಳನೇ ತರಗತಿಗೆ ಹವಾಮಾನ ಬದಲಾವಣೆಯ ಪಾಠ ಎಂದರೆ ಭೂಮಿಯ ಚಿತ್ರಕ್ಕೆ ಹಸಿರು ಬಣ್ಣ ತುಂಬಿಸುವುದು ಎಂದೇ ನಮ್ಮ ಹೆಡ್‌ಮಾಸ್ಟರು ತಿಳಿದಿದ್ದರು. ಪಾಠ ಮಾಡಬೇಕಾದ ನನಗೆ ಆ ಬಣ್ಣ ಕಂಡರೇ ಮೈಯುರಿ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಗಾಡಿಗಳು ಎಂಜಿನ್ ಆಫ್ ಮಾಡದೆ ಸಾಲಾಗಿ ನಿಂತಿರುತ್ತವೆ. ಪಾಠ ಅಲ್ಲಿತ್ತು.

ನಾನು ಹೇಳಿದಂತೆ ಮಕ್ಕಳು ಡ್ರೈವರುಗಳನ್ನು ಕೇಳಿಕೊಂಡು ಸೈಲೆನ್ಸರುಗಳಿಗೆ ಬಿಳಿ ಕರವಸ್ತ್ರ ಕಟ್ಟಿದರು. ಸ್ವಲ್ಪ ಹೊತ್ತಿಗೆ ಬಿಚ್ಚಿ, ಗಾಡಿಯ ನಂಬರ್ ಬರೆದು, ವರಾಂಡದ ಹಗ್ಗಕ್ಕೆ ನೇತುಹಾಕಿದರು.

"ಇದು ಕಾಣೋ ಮಸಿ. ಭೂಮಿನ ಬಿಸಿ ಮಾಡೋದು ಕಣ್ಣಿಗೆ ಕಾಣಲ್ಲ, ಆದ್ರೆ ಇದೇ ಸೈಲೆನ್ಸರಿಂದ ಬರುತ್ತೆ" ಎಂದೆ.

ಮಾರನೆಯ ಬೆಳಿಗ್ಗೆ ಹೆಡ್‌ಮಾಸ್ಟರು ಏದುಸಿರು ಬಿಡುತ್ತ ಬಂದರು. ಆಡಳಿತ ಮಂಡಳಿಯ ಅಧ್ಯಕ್ಷರ ಕಾರಿನ ಕರವಸ್ತ್ರವೂ ಹಗ್ಗದ ಮೇಲಿತ್ತು.

"ಅದೊಂದನ್ನ ತೆಗೆದುಬಿಡಿ ಮೇಡಂ. ನಿಮ್ಮ ಕೆಲಸ ಕಾಯಂ ಮಾಡೋರು ಅವರೇ. ಸಂಜೆ ಬರ್ತಿದಾರೆ."

ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಕೈ ಹಗ್ಗದವರೆಗೂ ಹೋಯಿತು.

"ಮಿಸ್, ಅವರದ್ದು ತೆಗೆದ್ರೆ ನಿಮ್ಮದೂ ತೆಗೀಬೇಕಾಗುತ್ತೆ." ಹಿಂದೆ ಪಟಾಕಿ ನಿಂತಿದ್ದಳು. ಬಾಯಿ ತೆರೆದರೆ ಸಿಡಿಯುವ ಆ ಹುಡುಗಿಗೆ ಇಡೀ ತರಗತಿ ಇಟ್ಟ ಹೆಸರು ಅದು.

ನೋಡಿದೆ. ಹಗ್ಗದ ತುದಿಯಲ್ಲಿ, ಎಲ್ಲಕ್ಕಿಂತ ಕಪ್ಪಗಿದ್ದ ಕರವಸ್ತ್ರದ ಮೇಲೆ, ನನ್ನ ಹಳೇ ಸ್ಕೂಟರಿನ ನಂಬರ್! ಸ್ಕೂಟರ್ ಸ್ಟಾರ್ಟ್ ಮಾಡಿಟ್ಟುಕೊಂಡೇ ಗೇಟಿನಲ್ಲಿ ಹರಟೆಗೆ ನಿಲ್ಲುವುದು ನನ್ನ ಚಾಳಿ. ಆಗ ಕಟ್ಟಿದ್ದಾರೆ, ಕಳ್ಳರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ನನಗೇ ಹೇಳಿ ಮಾಡಿಸಿದಂತಿತ್ತು. ನಾಚಿಕೆಯಾಯಿತು, ಆಮೇಲೆ ನಗು ಬಂತು. ನಕ್ಕ ಮೇಲೆ ಹೆದರಿಕೆ ಅಷ್ಟಾಗಿ ಉಳಿಯಲಿಲ್ಲ. ನನ್ನದನ್ನು ತಂದು ಅಧ್ಯಕ್ಷರ ಕರವಸ್ತ್ರದ ಪಕ್ಕದಲ್ಲೇ ಹಾಕಿದೆ.

ಸಂಜೆ ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು. "ನನ್ನದಕ್ಕಿಂತ ನಿಮ್ಮದೇ ಕಪ್ಪಲ್ಲಮ್ಮಾ!"

"ಹೌದು ಸಾರ್. ಇವತ್ತಿಂದ ಗೇಟಿನ ಹತ್ರ ನನ್ನ ಎಂಜಿನ್ ಆಫ್. ನಿಮ್ಮದು ಈಗಲೂ ಓಡ್ತಿದೆ, ಕೇಳಿಸ್ತಿದೆಯಾ?"

ಹೆಡ್‌ಮಾಸ್ಟರು ತಲೆ ಮೇಲೆ ಕೈ ಹೊತ್ತರು.

"ಕಾಯಂ ಆಗೋ ಆಸೆ ಇಲ್ವಾ?" ಅಧ್ಯಕ್ಷರು ಕೇಳಿದರು.

"ತುಂಬಾ ಇದೆ ಸಾರ್. ಆದ್ರೆ ನಿಮ್ಮ ಕರವಸ್ತ್ರ ತೆಗೆಯಲ್ಲ."

ಅವರು ನನ್ನ ಕಾಯಂ ಆದೇಶಕ್ಕೆ ಸಹಿ ಹಾಕದೆ ಹೊರಟರು. ಗೇಟಿನಲ್ಲಿ ಅವರ ಕಾರಿನ ಪಕ್ಕ ಪಟಾಕಿ ಹೊಸ ಬಿಳಿ ಕರವಸ್ತ್ರ ಹಿಡಿದು ನಿಂತಿದ್ದಳು, ಜೊತೆಗೆ ಇಡೀ ಏಳನೇ ತರಗತಿ.

"ಸಾರ್, ಇನ್ನೊಂದ್ಸಲ ಕಟ್ಟಲಾ?"

ಅಧ್ಯಕ್ಷರು ನನ್ನತ್ತ ತಿರುಗಿದರು, ನಾನು ಹುಡುಗಿಯನ್ನು ವಾಪಸ್ ಕರೆಯಲಿ ಎಂದು. ನಾನು ಕರೆಯಲಿಲ್ಲ. ಕೊನೆಗೆ ಅವರೇ ಡ್ರೈವರಿಗೆ ಕೈಸನ್ನೆ ಮಾಡಿದರು. ಎಂಜಿನ್ ಆಫ್ ಆಯಿತು.

ಸಹಿ ಇನ್ನೂ ಬಿದ್ದಿಲ್ಲ. ಕರವಸ್ತ್ರಗಳೂ ಹಗ್ಗದಿಂದ ಇಳಿದಿಲ್ಲ.