ಎರಡು ಬೀಗದ ಪೆಟ್ಟಿಗೆ

ನಾನು ಒಂದು ದೂರು ಪೆಟ್ಟಿಗೆ. ಹುಟ್ಟಿದ್ದು ಹುಬ್ಬಳ್ಳಿಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ. ನೋಡಿದವರು ಅಂಚೆ ಪೆಟ್ಟಿಗೆಯ ತಮ್ಮ ಎನ್ನುತ್ತಿದ್ದರು. ಆದರೆ ಅಂಚೆ ಪೆಟ್ಟಿಗೆಗಿರುವ ಮರ್ಯಾದೆ ನನಗಿಲ್ಲ. ತನ್ನೊಳಗೆ ಬಿದ್ದ ಕಾಗದವನ್ನು ಅದು ಸೇರಬೇಕಾದವರಿಗೆ ಸೇರಿಸುತ್ತದೆ. ನಾನು ಯಾರಿಗೆ ಸೇರಿಸಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ನನ್ನನ್ನು ಮಾಡಿದವನು ಮೌಲಾಸಾಬ. ತಗಡು ಕತ್ತರಿಸಿ, ಬೆಸುಗೆ ಹಾಕಿ, ಹಸಿರು ಬಣ್ಣ ಹೊಡೆದ. ಕಾಗದ ಹಾಕುವ ಸೀಳು ನಕ್ಷೆಯಲ್ಲಿ ಕಿರಿದಾಗಿತ್ತು. ಅವನು ಅದನ್ನು ತನ್ನ ಮನಸ್ಸಿಗೆ ಬಂದಷ್ಟು ಅಗಲ ಮಾಡಿದ. "ಬಡವ್ರು ಕಾಗದಾ ನಾಕ್ ಸಲ ಮಡಚಿ ತರ್ತಾರ್ರೀ. ಬಾಯಿ ಜರಾ ದೊಡ್ಡದಿರ್ಲಿ" ಎಂದು ಮಾಲೀಕರಿಗೆ ಹೇಳಿದ. ನನ್ನ ವಿಶೇಷವೆಂದರೆ ಎರಡು ಬೀಗ. ಒಂದರ ಕೀಲಿಕೈ ಅಧಿಕಾರಿಯ ಬಳಿ, ಇನ್ನೊಂದರದು ಊರಿನ ಜನ ಆರಿಸಿದ ಒಬ್ಬರ ಬಳಿ. ಇಬ್ಬರೂ ಒಟ್ಟಿಗೆ ನಿಲ್ಲದೆ ನನ್ನನ್ನು ತೆರೆಯುವಂತಿಲ್ಲ. ಅದನ್ನು ಕೇಳಿ ನನಗೆ ಬಹಳ ಹೆಮ್ಮೆಯಾಗಿತ್ತು.

ನನ್ನಂಥ ಅರವತ್ತು ಪೆಟ್ಟಿಗೆಗಳು ಹಡಗು ಹತ್ತಿ ಸಮುದ್ರ ದಾಟಿದವು. ಇಳಿದ ದೇಶದ ಹೆಸರು ಹೇಳುವುದಿಲ್ಲ. ಹನ್ನೊಂದು ವರ್ಷ ತಮ್ಮತಮ್ಮಲ್ಲೇ ಕಾದಾಡಿ ಸುಸ್ತಾಗಿದ್ದ ದೇಶ ಅದು. ಯುರೋಪಿನ ಒಂದು ಸರ್ಕಾರ ಅದಕ್ಕೆ ಔಷಧ, ಜೀಪು, ಕಂಪ್ಯೂಟರು ಕೊಡುತ್ತಿತ್ತು. ಕೊಟ್ಟದ್ದು ದಾರಿಯಲ್ಲೇ ಸೋರಿಹೋಗುತ್ತಿದೆ ಎಂದು ಗೊತ್ತಾದಾಗ, ಆಡಳಿತ ಸುಧಾರಿಸಲಿ ಎಂದು ನಮ್ಮನ್ನೂ ಕೊಟ್ಟಿತು. ಬಂದರಿನ ಗೋದಾಮಿನಲ್ಲಿ ಆರು ತಿಂಗಳು ಬಿದ್ದುಕೊಂಡಿದ್ದೆ. ಹಮಾಲರ ಬೈಗುಳ ಕೇಳುತ್ತಲೇ ಅಲ್ಲಿಯ ಭಾಷೆ ಕಲಿತೆ. ಎಷ್ಟು ಕಲಿತರೂ ನನ್ನದು ಹುಬ್ಬಳ್ಳಿಯ ಕಿವಿ. ಅಲ್ಲಿಯವರ ಮಾತು ನನಗೆ ಕೇಳಿಸಿದ ಹಾಗೆಯೇ ಇಲ್ಲಿ ಹೇಳುತ್ತೇನೆ.

ನನ್ನ ಪಾಲಿಗೆ ಬಂದದ್ದು ಗುಡ್ಡಗಾಡಿನ ಒಂದು ಜಿಲ್ಲಾ ಆರೋಗ್ಯ ಕಚೇರಿಯ ವರಾಂಡ. ನೆರವಿನ ಯೋಜನೆಯ ಹೆನ್ರಿಕ್ ಎಂಬಾತ ತಾನೇ ಸ್ಟೂಲು ಹತ್ತಿ ನನ್ನ ಸ್ಕ್ರೂ ಬಿಗಿ ಮಾಡಿದ. ಒಳ್ಳೆಯ ಮನುಷ್ಯ. ಅಂಗಿಯೆಲ್ಲ ಬೆವರಿನಿಂದ ಒದ್ದೆಯಾಗಿತ್ತು. ಕೀಲಿಕೈ ಹಸ್ತಾಂತರದ ಹೊತ್ತಿಗೆ ಪೇಚಾಟ ಶುರುವಾಯಿತು. ಎರಡನೆಯ ಕೀಲಿಕೈ ಹಿಡಿಯುವವರು ತಮ್ಮವರೇ ಆಗಬೇಕೆಂದು ಅಲ್ಲಿಯ ಎರಡು ಕುಲದವರೂ ಪಟ್ಟು ಹಿಡಿದಿದ್ದರು. ಯಾರನ್ನು ಆರಿಸಿದರೂ ಮತ್ತೆ ಬಂದೂಕು ಹೊರಬರಬಹುದು. ಹೆನ್ರಿಕ್‌ನ ವಿಮಾನ ನಾಲ್ಕು ಗಂಟೆಗೆ. ಅಷ್ಟರಲ್ಲಿ ಉದ್ಘಾಟನೆಯ ಫೋಟೊ ತೆಗೆಯಲೇಬೇಕು.

ಆಗ ಜಿಲ್ಲಾ ಆರೋಗ್ಯಾಧಿಕಾರಿ ಓಟೆಬೆ ಮೆಲ್ಲಗೆ ಹೇಳಿದರು: "ಜಗಳಾ ಬಗಿಹರಿಯೂತನಾ ಎರಡೂ ಕೀಲಿಕೈ ನನ್ನ ಕಡೇನ ಇರ್ಲಿ ಬಿಡ್ರಿ. ನಾ ಎಲ್ಲಿ ಓಡಿಹೋಗ್ತೀನಿ?"

ಹೆನ್ರಿಕ್ ಗಡಿಯಾರ ನೋಡಿದ, 'ತಾತ್ಕಾಲಿಕ' ಎಂದು ಬರೆದುಕೊಂಡ. ಫೋಟೊ ಚೆನ್ನಾಗಿ ಬಂತು. ಆ ತಾತ್ಕಾಲಿಕ ಇವತ್ತಿಗೂ ಮುಗಿದಿಲ್ಲ.

ಮೊದಲ ಮೂರು ತಿಂಗಳು ನನ್ನೊಳಗೆ ಬಿದ್ದದ್ದು ಒಂದು ಸತ್ತ ಹಲ್ಲಿ ಮಾತ್ರ. ಆದರೆ ಮೂರು ತಿಂಗಳಿಗೆ ನಲವತ್ತು ದೂರಾದರೂ ಬರಬೇಕು, ಪರಿಹಾರವೂ ಆಗಬೇಕು ಎಂದು ಯೋಜನೆಯಲ್ಲಿ ಬರೆದಿತ್ತು. ಅದಕ್ಕೆ ಗುಮಾಸ್ತರು ಚಹಾ ಕುಡಿಯುತ್ತ ತಾವೇ ದೂರು ಬರೆಯತೊಡಗಿದರು. ಕುರ್ಚಿಯ ಕಾಲು ಮುರಿದಿದೆ, ನಲ್ಲಿ ಸೋರುತ್ತಿದೆ, ಬಾಗಿಲು ಕಿರುಗುಟ್ಟುತ್ತಿದೆ. ವಾರವೆಲ್ಲ ಹಾಕುವುದು, ಶುಕ್ರವಾರ ಓಟೆಬೆ ತೆಗೆದುಕೊಟ್ಟಾಗ 'ಪರಿಹರಿಸಲಾಗಿದೆ' ಎಂದು ಬರೆಯುವುದು. ಜಿಲ್ಲೆಗೆ ಮೊದಲ ಸ್ಥಾನ ಬಂತು. ನನಗೂ ಒಳಗೊಳಗೇ ನಗು ಬರುತ್ತಿತ್ತು. ನಗಬಾರದಿತ್ತು.

ಕಚೇರಿಯಲ್ಲಿ ಕಸ ಗುಡಿಸುವ ಬೇಲಾ ಮಾತ್ರ ನನ್ನನ್ನು ನಿಜವಾಗಿ ನಂಬಿದ್ದಳು. ಓದು ಬಾರದ ಹೆಂಗಸು. ಎರಡೂ ಕೀಲಿಕೈ ಒಬ್ಬರ ಬಳಿಯೇ ಇರುವುದು ಅವಳಿಗೆ ಗೊತ್ತಿರಲಿಲ್ಲ. ದಿನವೂ ಒದ್ದೆ ಬಟ್ಟೆಯಿಂದ ನನ್ನ ಮುಖ ಒರೆಸುತ್ತಿದ್ದಳು. ಅವಳ ಮಗಳು ಆಗ ಆರು ತಿಂಗಳ ಬಸುರಿ. ಅವಳನ್ನು ನೋಡಿಕೊಳ್ಳುತ್ತಿದ್ದವಳು ಆ ಊರಿನ ಸೂಲಗಿತ್ತಿ ನರ್ಸ್ ಸಲೂಮಾ.

ಒಂದು ದಿನ ಸಲೂಮಾ ವರಾಂಡದಲ್ಲಿ ನನ್ನ ಮುಂದೆ ನಿಂತು ಹಿಂದೆಮುಂದೆ ನೋಡುತ್ತಿದ್ದಳು. ಕೈಯಲ್ಲಿ ನಾಲ್ಕು ಸಲ ಮಡಚಿದ ಕಾಗದ. ಹೆರಿಗೆಯಾದ ಮೇಲೆ ರಕ್ತ ನಿಲ್ಲಿಸುವ ಇಂಜೆಕ್ಷನ್ ನೆರವಿನಲ್ಲಿ ಪುಕ್ಕಟೆ ಬರುತ್ತಿತ್ತು. ಆಸ್ಪತ್ರೆಯಲ್ಲಿ ಮಾತ್ರ ಇರುತ್ತಿರಲಿಲ್ಲ, ಪೇಟೆಯ ಅಂಗಡಿಯಲ್ಲಿ ಸಿಗುತ್ತಿತ್ತು. ಮಾರಿಸುತ್ತಿದ್ದವರು ಓಟೆಬೆ. ಕಾಗದದಲ್ಲಿ ಇದ್ದದ್ದು ಅದೇ.

"ಹಾಕ್ರಿ ಅಕ್ಕಾರ. ಇದಕ್ಕ ಎರಡು ಕೀಲಿ ಐತಿ, ಒಬ್ರ ಕೈಲೆ ತಗಿಯಾಕ ಬರೂದಿಲ್ಲ ಅಂತ ಆ ಬಿಳಿ ಸಾಹೇಬ್ರು ಅವತ್ತ ಹೇಳ್ಯಾರ" ಎಂದಳು ಬೇಲಾ.

"ಹೆಸರು ಬರದಿಲ್ಲ ನಾ."

"ಬರೀಬ್ಯಾಡ್ರಿ. ಹೆಸರ್ಯಾಕ ಬೇಕು?"

ಸಲೂಮಾ ಕಾಗದ ಹಾಕಿದಳು. ಮೌಲಾಸಾಬ ಅಗಲ ಮಾಡಿದ್ದ ಬಾಯಿಯಲ್ಲಿ ಅದು ಸಲೀಸಾಗಿ ಇಳಿಯಿತು. ಹೊರಗೆ ಉಗುಳಿಬಿಡಬೇಕೆಂದು ಎಷ್ಟು ಒದ್ದಾಡಿದೆನೋ ದೇವರಿಗೇ ಗೊತ್ತು. ತಗಡಿನ ಒದ್ದಾಟ ಯಾರಿಗೆ ಕಾಣುತ್ತದೆ?

ಶುಕ್ರವಾರ ಓಟೆಬೆ ಒಂದೇ ಗೊಂಚಲಿನ ಎರಡು ಕೀಲಿಕೈ ತಿರುಗಿಸಿ ನನ್ನನ್ನು ತೆರೆದರು. ಓದಿದರು. ಹೆಸರು ಹುಡುಕಲಿಲ್ಲ. ತಿಂಗಳು ತಿಂಗಳೂ ಹೆರಿಗೆ ವಹಿಯನ್ನು ತುಂಬಿ ಅವರ ಮೇಜಿಗೆ ಕಳಿಸುತ್ತಿದ್ದವಳು ಸಲೂಮಾ. ಆ ಕೈಬರಹ ಅವರಿಗೆ ಗೊತ್ತಿಲ್ಲದ್ದೇನಲ್ಲ. ಕಾಗದವನ್ನು ಅದೇ ಮಡಿಕೆಗಳಲ್ಲಿ ಮತ್ತೆ ಮಡಚಿ ಜೇಬಿಗೆ ಹಾಕಿಕೊಂಡರು. ಮರುವಾರ ಸಲೂಮಾಳಿಗೆ ವರ್ಗದ ಆದೇಶ ಬಂತು. ಗಡಿಯ ಒಂದು ಸಣ್ಣ ಆಸ್ಪತ್ರೆಗೆ, ಬಸ್ಸಿನಲ್ಲಿ ಎರಡು ದಿನದ ದಾರಿ. ಅವಳ ಜಾಗಕ್ಕೆ ಯಾರೂ ಬರಲಿಲ್ಲ.

ಬೇಲಾಳ ಮಗಳಿಗೆ ಹೆರಿಗೆಯಾದದ್ದು ಮೂರು ತಿಂಗಳ ನಂತರ. ಮಗು ಉಳಿಯಿತು. ಹುಡುಗಿಗೆ ರಕ್ತ ನಿಲ್ಲಲಿಲ್ಲ. ಪೇಟೆಯ ಅಂಗಡಿಯಿಂದ ಇಂಜೆಕ್ಷನ್ ತಂದರಂತೆ, ಕೊಡಲು ಬರುವವರು ಊರಿನಲ್ಲಿ ಯಾರೂ ಇರಲಿಲ್ಲವಂತೆ. ಗುಮಾಸ್ತರು ಮಾತಾಡಿಕೊಂಡಾಗ ನನಗೆ ತಿಳಿದದ್ದು ಇಷ್ಟು.

ಹತ್ತು ದಿನ ಬಿಟ್ಟು ಬೇಲಾ ಕೆಲಸಕ್ಕೆ ಬಂದಳು. ಕಿಟಕಿ ಒರೆಸಿದಳು, ಬೆಂಚು ಒರೆಸಿದಳು. ನನ್ನನ್ನು ಮುಟ್ಟಲಿಲ್ಲ. ಸಲೂಮಾಳ ವರ್ಗ ಯಾಕಾಯಿತು ಎಂಬುದು ಅಷ್ಟು ಹೊತ್ತಿಗೆ ಅವಳಿಗೆ ಅರ್ಥವಾಗಿತ್ತು. ನನ್ನ ಮುಖದ ಮೇಲೆ ಧೂಳು ಕೂತಿತು, ಅದು ನನಗೆ ಸರಿಯಾದ ಶಿಕ್ಷೆಯೇ ಅನ್ನಿಸಿತು.

ವರ್ಷದ ಕೊನೆಗೆ ಯೋಜನೆಯ ಮೌಲ್ಯಮಾಪನಕ್ಕೆ ವಿದೇಶದಿಂದ ಒಬ್ಬ ಹೆಣ್ಣುಮಗಳು ಬಂದಳು. ಸಾಮಾನ್ಯ ಜನರನ್ನೇ ಕೇಳಬೇಕೆಂದು ಬೇಲಾಳನ್ನು ಕರೆಸಿದಳು. ಪಕ್ಕದಲ್ಲಿ ಓಟೆಬೆ ಕೈಕಟ್ಟಿ ನಿಂತಿದ್ದರು. ಪೆಟ್ಟಿಗೆಯಿಂದ ಜನರಿಗೆ ಉಪಯೋಗವಾಗಿದೆಯೇ ಎಂಬ ಪ್ರಶ್ನೆಯನ್ನು ದುಭಾಷಿ ತಿಳಿಸಿದ.

ಬೇಲಾಳ ಬೆನ್ನಿಗೆ ಕಟ್ಟಿದ್ದ ಮೊಮ್ಮಗು ನಿದ್ದೆ ಮಾಡುತ್ತಿತ್ತು. ಅದಕ್ಕೆ ಹಾಲಿನ ಪುಡಿ ಬರುತ್ತಿದ್ದದ್ದು ಆ ಕೆಲಸದಿಂದ. ಅವಳು ನೆಲ ನೋಡುತ್ತ ಹೇಳಿದಳು: "ಹೂಂ ರೀ. ಚಲೋ ಐತಿ."

ಬಂದವಳು ಸಂತೋಷದಿಂದ ಬರೆದುಕೊಂಡಳು. ಯೋಜನೆ ಇನ್ನೂ ಐದು ವರ್ಷ ಮುಂದುವರಿಯಿತು. ನನಗೆ ಹೊಸ ಬಣ್ಣ ಬಂತು.

ಈಗ ನನಗೆ ವಯಸ್ಸಾಗಿದೆ, ಅಡಿಯಲ್ಲಿ ತುಕ್ಕು ಹಿಡಿದಿದೆ. ನಾನು ಬರೀ ತಗಡು, ಕೀಲಿಕೈ ಕೊಟ್ಟವರದು ತಪ್ಪು ಎಂದು ನುಣುಚಿಕೊಳ್ಳಬಹುದು. ಮನಸ್ಸು ಒಪ್ಪುವುದಿಲ್ಲ. ನಾನಿಲ್ಲದಿದ್ದರೆ ಸಲೂಮಾ ಬಾಯಿ ಮುಚ್ಚಿಕೊಂಡಾದರೂ ಆ ಊರಿನಲ್ಲಿ ಇರುತ್ತಿದ್ದಳು.

ಮೊನ್ನೆ ದೂರದ ಹಳ್ಳಿಯಿಂದ ಒಬ್ಬ ಹೆಂಗಸು ಬಂದಳು. ಕುಪ್ಪಸದಿಂದ ಕಾಗದ ತೆಗೆದು ನನ್ನ ಹತ್ತಿರ ಕೈ ಚಾಚಿದಳು. ವರಾಂಡ ಗುಡಿಸುತ್ತಿದ್ದ ಬೇಲಾ ತಲೆ ಎತ್ತಲಿಲ್ಲ. ಪೊರಕೆಯ ಸದ್ದಿನ ನಡುವೆಯೇ ಹೇಳಿದಳು: "ಅದರಾಗ ಹಾಕಬ್ಯಾಡವ್ವಾ. ಮನೀಗೆ ಹೋಗು."

ಆ ಹೆಂಗಸು ಕಾಗದವನ್ನು ಮತ್ತೆ ಕುಪ್ಪಸದಲ್ಲಿ ಇಟ್ಟುಕೊಂಡು ಹೊರಟುಹೋದಳು. ಅವಳ ಸಂಕಟ ಏನಿತ್ತೋ ನನಗೆ ತಿಳಿಯಲಿಲ್ಲ, ಯಾರಿಗೂ ತಿಳಿಯುವುದಿಲ್ಲ. ನನ್ನ ಹೊಟ್ಟೆ ಖಾಲಿ ಉಳಿಯಿತು, ಅವಳು ಸುರಕ್ಷಿತವಾಗಿ ಮನೆ ಸೇರಿದಳು.